ಸದ್ದಿಲ್ಲದ ಊಟ

ಈ ಸಲ ಯಾರಿಗೂ ಗಂಟೆ ಹೇಳಲಿಲ್ಲ.
ಶಿಫ್ಟು ಮುಗಿದಾಗ ಬನ್ನಿ ಎಂದೆವು,
ಮೈಮೇಲಿದ್ದ ಬಟ್ಟೆಯಲ್ಲೇ ಬನ್ನಿ,
ಕೈಯಲ್ಲಿ ಏನೂ ಬೇಡ, ಆದರೆ
ಕುರ್ಚಿ ಇದ್ದರೆ ಒಂದು ತನ್ನಿ.

ಸಾಲ್ಮಿಯಾ, ಐದನೇ ಮಹಡಿ.
ಲಿಫ್ಟು ನವೆಂಬರಿನಿಂದ ಮುನಿಸಿಕೊಂಡಿದೆ.
ಬಂದವರೆಲ್ಲ ಮೊದಲು ಏದುಸಿರು ಬಿಟ್ಟು
ಆಮೇಲೆ ಶುಭಾಶಯ ಹೇಳಿದರು.

ಹೋದ ವರ್ಷ ಹನ್ನೊಂದು ಬಗೆ ಅಡುಗೆ,
ಮೇಜಿನ ಬಟ್ಟೆಗೆ ಒಪ್ಪುವ ಮೇಣದ ಬತ್ತಿ,
ಅದರ ಬಣ್ಣಕ್ಕೇ ನನಗೂ ಐಡಾಳಿಗೂ ಜಗಳ.
ಬಾಗಿಲ ಗಂಟೆ ಬಾರಿಸಿದಾಗ
ಇಬ್ಬರೂ ನಗು ಹುಡುಕಿ ತೊಟ್ಟುಕೊಂಡಿದ್ದೆವು.

ಈ ವರ್ಷ ಸಣ್ಣದ ಹಿಟ್ಟನ್ನು
ಗೀಸರಿನ ನೆತ್ತಿಯ ಮೇಲಿಟ್ಟು ಮಲಗಿದಳು.
ಊರಿನವರು ನಂಬದಂಥ ಚಳಿ, ಕಳ್ಳು ಸಿಗದ ದೇಶ,
ಯೀಸ್ಟೇ ಗತಿ.
ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ದಾಟಿ
ಗೋಡೆ ಹಿಡಿದು ಇಳಿದು
ಸೋಪಿನ ಡಬ್ಬಿಯ ಕ್ಷೇಮ ವಿಚಾರಿಸುತ್ತಿತ್ತು.
ಉಳಿದಷ್ಟೇ ಹಬ್ಬ, ಎಂದಳು. ನಕ್ಕಳು.

ಬಫಾತಿನ ಪುಡಿಗೆ ಇಲ್ಲಿ ಹಂದಿಯಿಲ್ಲ.
ಆಡಿನ ಪರಿಚಯ ಮಾಡಿಸಿ ಹದಿನಾಲ್ಕು ವರ್ಷವಾಯಿತು,
ಹೊಂದಿಕೊಂಡಿವೆ ಎರಡೂ, ನಮ್ಮ ಹಾಗೆ,
ಆಗಾಗ ಕುದಿಯುತ್ತಾ.

ಗೋದಲಿ ಕಟ್ಟಿದ್ದು ಖರ್ಜೂರದ ರಟ್ಟಿನಲ್ಲಿ.
ಒಂಟೆಗೇನು ಬರ, ಸೂಕಿನಲ್ಲಿ ಬೇಕಾದಷ್ಟು.
ಕುರಿ ಮಾತ್ರ ಒಂದು ಕಡಿಮೆ ಬಿದ್ದು
ಚದುರಂಗದ ಕುದುರೆ ನಿಂತಿದೆ, ತಲೆ ತಗ್ಗಿಸಿ.
ಬಾಲಯೇಸು ನನ್ನ ಅಂಗಿಯ ಜೇಬಿನಲ್ಲಿ,
ಹನ್ನೆರಡು ಹೊಡೆಯಲೆಂದು ಕಾಯುತ್ತಿದ್ದ.

ಮೊಯಿದ್ದೀನ್ ಬಂದ, ಮೀನಿನ ಅಂಗಡಿಯಿಂದ ನೇರ,
ವಾಸನೆಗೆ ಕ್ಷಮೆ ಕೇಳುತ್ತಾ, ಹುರಿದ ಜುಬೈದಿ ಹಿಡಿದು.
ಹುಮನಾಬಾದಿನ ನೀಲಾಂಬಿಕೆ ಬಂದಳು,
ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ,
ಶೇಂಗಾ ಹೋಳಿಗೆಯ ಡಬ್ಬಿ ತೆಗೆದು
'ಇದನ್ನೂ ನಿಮ್ಮ ಕುಸ್ವಾರಕ್ಕ ಸೇರಿಸ್ರಿ' ಅಂದಳು.
ನೆವರಿ, ಕಿಡ್ಯೊಗಳು ಸರಿದು ಜಾಗ ಕೊಟ್ಟವು.
ಕಟ್ಟಡದ ಕಾವಲುಗಾರ ಅಬು ಸಬ್ರಿ
ಎರಡು ಕುರ್ಚಿ ಹೊತ್ತು ತಂದು
ಒಂದರಲ್ಲಿ ತಾನೇ ಕೂತ.
ಇಸ್ತ್ರಿಯ ಮೇಜಿನ ಮೇಲೆ ತಟ್ಟೆ, ಲೋಟ, ದ್ರಾಕ್ಷಿರಸ.

ಹತ್ತಕ್ಕೆ ಪಾಸ್ಕಲಿನ್.
ಹಳಿಯಾಳದ ಕಡೆಯವಳು, ಯಾರದೋ ಮನೆಯ
ಆರು ಮಕ್ಕಳ ಊಟ, ಬಟ್ಟೆ, ನಿದ್ದೆ ನೋಡುವವಳು.
ಮೇಡಂ ಎರಡು ಗಂಟೆ ಬಿಟ್ಟಿದ್ದಾರೆ, ಎಂದಳು,
ಚಪ್ಪಲಿಯನ್ನು ಗೋಡೆಗೆ ಒರಗಿಸಿ
ಸೋಫಾದ ತುದಿಯಲ್ಲಿ ಎಷ್ಟು ಬೇಕೋ ಅಷ್ಟೇ ಕೂತು
ಒಂದು ಸಣ್ಣ ತಿಂದಳು.
ಎರಡನೆಯದು ಕೈಯಲ್ಲಿದ್ದಂತೆಯೇ
ನಿದ್ದೆ ಹೋದಳು.

ಮೊದಲು ಕಂಡದ್ದು ಮೊಯಿದ್ದೀನನಿಗೆ.
ಅರ್ಧ ಹೇಳಿದ್ದ ಜೋಕನ್ನು
ಉಳಿದರ್ಧ ಪಿಸುದನಿಯಲ್ಲಿ ಮುಗಿಸಿದ.
ಹಾಗೇ ಚೆನ್ನಾಗಿತ್ತು ಅದು.
ಮೆಲ್ಲಗೆ ಮಾತಾಡಲು ಬಾರದ ಅಬು ಸಬ್ರಿ
ಬಾಲ್ಕನಿಗೆ ಹೋಗಿ, ಬಾಗಿಲು ಹಾಕಿಕೊಂಡು
ನಕ್ಕು ಬಂದ.
ನೀಲಾಂಬಿಕೆ ಬೆರಳುಗಳಿಂದ ಸಣ್ಣ ಬಿಡಿಸಿ
ತಲೆಗೆ ದಿಂಬು ಕೊಟ್ಟು
ಉಸಿರು ಎಣಿಸಿದಳು, ಅಭ್ಯಾಸಬಲ.
ಕುಣಿಯುವ ದೀಪಗಳ ಪ್ಲಗ್ಗು ಕಿತ್ತಳು ಐಡಾ.
ಬಫಾತನ್ನು ಕೈಸನ್ನೆಯಲ್ಲಿ ಹೊಗಳಿದೆವು,
ಉಪ್ಪು ಬೇಕೆಂದು ಕಣ್ಣಲ್ಲಿ ಕೇಳಿದೆವು,
ವಾರವಿಡೀ ಕಲಿತ ಹಾಡು ಹಾಡಲಿಲ್ಲ.
ಕೇಕು ಕೊಯ್ಯುವಾಗ ಚಾಕು ತಟ್ಟೆಗೆ ತಾಗಿ
'ಟಿಣ್' ಎಂದಿತು,
ಐದೂ ಜನ ಕಳ್ಳರ ಹಾಗೆ ನಿಂತೆವು.

ಸುಮ್ಮನಿದ್ದೂ ಒಟ್ಟಿಗಿರಬಹುದೆಂದು
ನನಗೆ ಯಾರೂ ಹೇಳಿರಲಿಲ್ಲ.

ಹನ್ನೆರಡಕ್ಕೆ ಮುಂಚೆಯೇ ಕೆಳಗಿನಿಂದ ಡ್ರೈವರನ ಫೋನು.
ಧಡಕ್ಕನೆ ಎದ್ದಳು, ಮುಖ ಕೆಂಪಾಗಿ,
'ಅಯ್ಯೋ, ಏನೇನು ತಪ್ಪಿತು ನನಗೆ?'
ಏನೂ ಇಲ್ಲ, ಎಂದೆವು ಎಲ್ಲರೂ,
ಇನ್ನೂ ಪಿಸುದನಿಯಲ್ಲೇ.
ಐಡಾ ಬಫಾತು, ಕೇಕು, ಹೋಳಿಗೆ ಕಟ್ಟಿಕೊಟ್ಟಳು.
ಐದು ಮಹಡಿ ಇಳಿಯುವ ಚಪ್ಪಲಿಯ ಸದ್ದು
ಕೊನೆಯ ಮೆಟ್ಟಿಲವರೆಗೂ ಕೇಳಿಸಿತು.

ನಾಳೆ ಇಪ್ಪತ್ತೈದು, ನಾಳೆಯೂ ಡ್ಯೂಟಿ.
ಪಾತ್ರೆ ಹಾಗೇ ಬಿಟ್ಟು ಮಲಗಿದೆವು.

ಬೆಳಗಿನ ಬಸ್ಸಿನಲ್ಲಿ, ಫಹಾಹೀಲಿನ ದಾರಿಯಲ್ಲಿ,
ಎದೆಗೆ ಏನೋ ಚುಚ್ಚಿತು.
ಅದೇ ಅಂಗಿ. ಅದೇ ಜೇಬು.
ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕು, ಎರಡೂ ಕೈ ಚಾಚಿ.
ಪಕ್ಕದವನು ನನ್ನ ಭುಜಕ್ಕೆ ಒರಗಿ ತೂಕಡಿಸುತ್ತಿದ್ದ,
ಅವನಿಗೆ ಎಚ್ಚರವಾಗದಂತೆ
ಮುಷ್ಟಿ ಮುಚ್ಚಿದೆ.